ಮ್ಯಾಗಿನ ಮನಿ ಸಪ್ಪಳ

ಚಿಕ್ಕಪಡಸಲಗಿ ಎಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ಕಡೆಯ ಹಿರಿಯರಿಗೆ ಮೊದಲು ನೆನಪಾಗುವುದು ಬ್ಯಾರೇಜು. ಸರಕಾರದ ದಾರಿ ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ, ತಾವೇ ದುಡಿದು 1989ರಲ್ಲಿ ಕೃಷ್ಣಾ ನದಿಗೆ ಅಡ್ಡಲಾಗಿ ಕಟ್ಟಿದ್ದು. ಅದಕ್ಕೆ ‘ಶ್ರಮಬಿಂದು ಸಾಗರ’ ಎಂದು ಹೆಸರು. ನದಿಯಲ್ಲಿ ನೀರು ನಿಂತಿತು, ಹೊಲದಲ್ಲಿ ಕಬ್ಬು ನಿಂತಿತು, ಮನೆಯ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದರು. ಹಾಗೆ ಹತ್ತಿದವರಲ್ಲಿ ಕೆಲವರು ಬೆಂಗಳೂರು, ಪುಣೆಯಲ್ಲಿ ನೌಕರಿ ಹಿಡಿದು ಫ್ಲ್ಯಾಟು ಕೊಂಡರು. ಈಗ ಈ ಸೀಮೆಯ ಎಷ್ಟೋ ಅಜ್ಜ-ಅಜ್ಜಿಯರು ವರ್ಷಕ್ಕೆ ಎರಡು ಮೂರು ತಿಂಗಳು ಮಗನ ಮನೆಯಲ್ಲೋ ಮಗಳ ಮನೆಯಲ್ಲೋ ನಾಲ್ಕನೇ ಅಂತಸ್ತಿನಲ್ಲಿ ಇರುತ್ತಾರೆ.

ಅಲ್ಲಿ ಅವರಿಗೆ ಲಿಫ್ಟು ಹಿಡಿಸುತ್ತದೆ, ಮೊಮ್ಮಕ್ಕಳ ಸಂಗ ಹಿಡಿಸುತ್ತದೆ, ಬಾಗಿಲಿಗೇ ಬರುವ ಕಾಯಿಪಲ್ಲೆಯೂ ಹಿಡಿಸುತ್ತದೆ. ಹಿಡಿಸದ ಒಂದು ಸಂಗತಿ ಮಾತ್ರ ತಲೆಯ ಮೇಲೆಯೇ ಇದೆ. ರಾತ್ರಿ ದೀಪ ಆರಿಸಿ ಕಣ್ಣು ಮುಚ್ಚಿದರೆ ಮೇಲಿನ ಮನೆಯಲ್ಲಿ ದಡದಡ ಓಡಾಟ, ಕರ್ರ್ ಎಂದು ಕುರ್ಚಿ ಎಳೆದ ಸದ್ದು, ಏನೋ ಬಿದ್ದ ಧಡ್. “ಯಾರೋ ತಲಿ ಮ್ಯಾಗ ಕುಣದಂಗ ಆಗತೈತಿ ನೋಡಪಾ” ಎಂದು ಬೆಳಿಗ್ಗೆ ಅಜ್ಜ ಹೇಳಿದರೆ, “ಅಜ್ಜಾ, ನಾ ಹತ್ತು ಸಲ ಕರದ್ರೂ ನಿನಗ ಕೇಳಸೂದಿಲ್ಲ, ಮ್ಯಾಲಿನವರ ಸಪ್ಪಳ ಹೆಂಗ ಕೇಳಸ್ತೈತಿ?” ಎಂದು ಮೊಮ್ಮಗ ನಗುತ್ತಾನೆ. ಮೊಮ್ಮಗನ ಪ್ರಶ್ನೆ ತಮಾಷೆಯದಲ್ಲ. ಅದಕ್ಕೆ ಸರಿಯಾದ ಉತ್ತರವಿದೆ, ಮುಂದೆ ನೋಡೋಣ.

ಅದಕ್ಕೂ ಮೊದಲು ಇದೇ ಕತೆಯನ್ನು ಕೆಳಗಿನ ಮನೆಯವರ ಬಾಯಿಂದ ಕೇಳಬೇಕು. ಅಜ್ಜನ ತಲೆಯ ಮೇಲೆ ಒಂದು ಮನೆ ಇರುವ ಹಾಗೆ, ಅಜ್ಜನ ಕಾಲ ಕೆಳಗೂ ಒಂದು ಮನೆ ಇದೆಯಲ್ಲ! ಅಲ್ಲಿರುವವರು ರಾತ್ರಿ ಪಾಳಿ ಮುಗಿಸಿ ಮೂರು ಗಂಟೆಗೆ ಮಲಗುವವರು ಎಂದುಕೊಳ್ಳಿ. ಐದೂವರೆಗೆ ಸರಿಯಾಗಿ ಅವರ ತಲೆಯ ಮೇಲೆ ತಟ್ ತಟ್ ತಟ್ ತಟ್ ಶುರುವಾಗುತ್ತದೆ. ಅರ್ಧ ಗಂಟೆ ನಿಲ್ಲುವುದಿಲ್ಲ. ‘ಇಷ್ಟು ನಸುಕಿನಲ್ಲಿ ಇವರ ಮನೆಯಲ್ಲಿ ಬಡಿಗ ಯಾಕೆ ಬರುತ್ತಾನೆ?’ ಎಂದು ಅವರು ಹಾಸಿಗೆಯಲ್ಲಿ ಹೊರಳುತ್ತಾರೆ. ಬಡಿಗನೂ ಇಲ್ಲ, ಉಳಿಯೂ ಇಲ್ಲ. ನಮ್ಮ ಅಜ್ಜಿ ಜೋಳದ ರೊಟ್ಟಿ ಬಡಿಯುತ್ತಿದ್ದಾಳೆ! ಮೇಲಿನ ಮನೆಯವರು ಎಂದರೆ ಬೇರೆ ಯಾರೋ ಅಲ್ಲ. ನೆಲಮಹಡಿಯವರನ್ನು ಬಿಟ್ಟರೆ ಕಟ್ಟಡದಲ್ಲಿ ಪ್ರತಿಯೊಬ್ಬರೂ ಯಾರಿಗೋ ಮೇಲಿನ ಮನೆಯವರೇ.

ಗಾಳಿಯ ಸದ್ದು, ಗುದ್ದಿನ ಸದ್ದು

ಮಕ್ಕಳೇ, ಒಂದು ಸ್ಟೀಲ್ ಚಮಚ ಮತ್ತು ಎರಡು ಮೊಳ ದಾರ ತೆಗೆದುಕೊಳ್ಳಿ. ದಾರದ ನಡುವೆ ಚಮಚ ಕಟ್ಟಿ. ದಾರದ ಎರಡು ತುದಿಗಳನ್ನು ಎರಡು ತೋರುಬೆರಳಿಗೆ ಸುತ್ತಿಕೊಂಡು, ಆ ಬೆರಳುಗಳಿಂದ ಕಿವಿಯ ರಂಧ್ರ ಮುಚ್ಚಿಕೊಳ್ಳಿ. ಈಗ ಬಗ್ಗಿ, ತೂಗಾಡುವ ಚಮಚ ಮೇಜಿನ ಅಂಚಿಗೆ ಮೆಲ್ಲಗೆ ತಾಗುವಂತೆ ಮಾಡಿ. ಪಕ್ಕದಲ್ಲಿ ನಿಂತವರಿಗೆ ಟಿಣ್ ಎಂದಷ್ಟೇ ಕೇಳುತ್ತದೆ. ನಿಮಗೆ ದೇವಸ್ಥಾನದ ದೊಡ್ಡ ಗಂಟೆ ಹೊಡೆದ ಹಾಗೆ ಢಣ್ ಎಂದು ಕೇಳುತ್ತದೆ. ಚಮಚ ಒಂದೇ, ತಾಗಿದ್ದೂ ಒಂದೇ ಸಲ. ಅವರಿಗೆ ಗಾಳಿಯ ದಾರಿಯಿಂದ ಬಂದಿತು, ನಿಮಗೆ ದಾರದ ದಾರಿಯಿಂದ ಬಂದಿತು.

ಮೇಲಿನ ಮನೆಯ ಸದ್ದಿಗೂ ಹೀಗೆ ಎರಡು ದಾರಿ. ಮಾತು, ಟಿ.ವಿ., ಹಾಡು ಗಾಳಿಯಲ್ಲಿ ಹುಟ್ಟುತ್ತವೆ. ಅವು ಸ್ಲ್ಯಾಬಿಗೆ ಬಡಿದರೂ ಸ್ಲ್ಯಾಬ್ ಭಾರವಾದ್ದರಿಂದ ಅಲುಗುವುದು ತೀರ ಕಡಿಮೆ. ಆದ್ದರಿಂದಲೇ ಮೇಲಿನವರು ಏನು ಮಾತಾಡಿದರು ಎಂಬುದು ನಮಗೆ ತಿಳಿಯುವುದಿಲ್ಲ (ತಿಳಿದರೆ ಅದು ಬಹುಮಟ್ಟಿಗೆ ಕಿಟಕಿಯಿಂದ ಬಂದ ಮಾತು). ಆದರೆ ಹಿಮ್ಮಡಿ ಊರಿ ನಡೆದಾಗ, ಮಂಚ ಎಳೆದಾಗ, ಒರಳಲ್ಲಿ ಶೇಂಗಾ ಹಿಂಡಿ ಕುಟ್ಟಿದಾಗ ಸದ್ದು ಗಾಳಿಯಲ್ಲಿ ಹುಟ್ಟುವುದಿಲ್ಲ. ನೇರವಾಗಿ ಸ್ಲ್ಯಾಬಿನೊಳಗೇ ಹುಟ್ಟುತ್ತದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ, ಕಾಂಕ್ರೀಟಿನಲ್ಲಿ 3,000 ಮೀಟರಿಗೂ ಹೆಚ್ಚು ಹೋಗುತ್ತದೆ. ಸ್ಲ್ಯಾಬ್, ತೊಲೆ, ಕಂಬ, ಗೋಡೆ ಎಲ್ಲ ಒಂದಕ್ಕೊಂದು ಬೆಸೆದುಕೊಂಡಿರುವುದರಿಂದ ಒಂದು ಕಡೆ ಗುದ್ದಿದರೆ ಇಡೀ ಹಂದರವೇ ಅಲುಗುತ್ತದೆ. ಕೆಳಗಿನ ಕೋಣೆಯ ಚಾವಣಿ ಒಂದು ದೊಡ್ಡ ಡೊಳ್ಳಿನ ಚರ್ಮದ ಹಾಗೆ ಆ ಗುದ್ದನ್ನು ಮತ್ತೆ ಗಾಳಿಗೆ ಬಿಡುತ್ತದೆ.

ಇದು ಗೊತ್ತಿಲ್ಲದೆ ಹಣ ಕಳೆದುಕೊಳ್ಳುವವರು ಬಹಳ. ಕೆಳಗಿನ ಮನೆಯವರು ತಮ್ಮ ಚಾವಣಿಗೆ ಥರ್ಮೋಕೋಲ್ ಹಾಳೆ, ಸ್ಪಂಜಿನ ಹಾಳೆ, ಕೆಲವರಂತೂ ಮೊಟ್ಟೆಯ ಟ್ರೇ ಅಂಟಿಸುತ್ತಾರೆ. ವಿಜಯಪುರದ ಗೋಲಗುಮ್ಮಟಕ್ಕೆ ಹೋದವರಿಗೆ ಅದರ ಪಿಸುಮಾತಿನ ಗ್ಯಾಲರಿ ನೆನಪಿರಬಹುದು. ಗಟ್ಟಿ ಗಾರೆಯ ಗೋಡೆ ಸದ್ದನ್ನು ನುಂಗದೆ ಮತ್ತೆ ಮತ್ತೆ ಹಿಂದಕ್ಕೆ ಕಳಿಸುವುದರಿಂದ ಅಲ್ಲಿ ಒಂದು ಚಪ್ಪಾಳೆ ಹಲವು ಸಲ ಕೇಳುತ್ತದೆ. ಆ ಗುಮ್ಮಟದ ಒಳಗೆಲ್ಲ ಕಂಬಳಿ ತೂಗುಹಾಕಿದರೆ ಪ್ರತಿಧ್ವನಿ ಸತ್ತುಹೋದೀತು. ಆದರೆ ಗುಮ್ಮಟದ ಮೇಲೆ ಹತ್ತಿ ಯಾರಾದರೂ ಸುತ್ತಿಗೆಯಿಂದ ಬಡಿದರೆ? ಆ ಬಡಿತ ಒಳಗೆ ಬಂದೇ ಬರುತ್ತದೆ. ಸ್ಪಂಜಿನ ಹಾಳೆ ಮಾಡುವುದು ಕಂಬಳಿಯ ಕೆಲಸ. ಕೋಣೆಯೊಳಗಿನ ಗುಂಯ್‌ಗುಡುವಿಕೆ ಕಡಿಮೆಯಾದೀತು, ತಲೆಯ ಮೇಲಿನ ಗುದ್ದು ನಿಲ್ಲುವುದಿಲ್ಲ. ಗುದ್ದನ್ನು ಹುಟ್ಟುವ ಜಾಗದಲ್ಲಿಯೇ ಹಿಡಿಯಬೇಕು, ಅಂದರೆ ಮೇಲಿನ ಮನೆಯ ನೆಲದಲ್ಲಿ. ಈ ಕೆಲಸವನ್ನು ಕೆಳಗಿನವರು ಒಬ್ಬರೇ ಮಾಡಲಾರರು, ಮೇಲಿನವರ ಕೈ ಬೇಕೇ ಬೇಕು. ಹಾಗಾಗಿ ಇದು ಅರ್ಧ ವಿಜ್ಞಾನ, ಅರ್ಧ ನೆರೆಹೊರೆ.

ಮಣ್ಣಿನ ಮಾಳಿಗೆ ಏನು ಮಾಡುತ್ತಿತ್ತು?

“ನಮ್ಮ ಊರಾಗ ಹಿಂಗ ಇರಲಿಲ್ಲ” ಎಂದು ಅಜ್ಜಿ ಹೇಳುವುದು ನಿಜ. ಕೃಷ್ಣಾ ತೀರದ ಹಳ್ಳಿಗಳ ಹಳೆಯ ಮನೆಗಳಿಗೆ ಮಣ್ಣಿನ ಮಾಳಿಗೆ. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ದಪ್ಪಗೆ ಬಡಿದು ಕೂರಿಸಿದ ಮಣ್ಣು. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು, ಸಂಡಿಗೆ ಒಣಗುತ್ತಿತ್ತು, ಬೇಸಿಗೆಯಲ್ಲಿ ಮನೆ ಮಂದಿಯೆಲ್ಲ ಅಲ್ಲೇ ಮಲಗುತ್ತಿದ್ದರು. ಹುಡುಗರು ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಜಿಗಿದರೂ ಕೆಳಗೆ ಮಲಗಿದ ಮುತ್ತಜ್ಜನಿಗೆ ಬೆಳಕಿಂಡಿಯಿಂದ ನಾಲ್ಕು ಕಣ ಮಣ್ಣು ಉದುರಿದ್ದಷ್ಟೇ ಗೊತ್ತಾಗುತ್ತಿತ್ತು.

ಲೆಕ್ಕ ಹಾಕಿ ನೋಡಿ. ಒಂದಡಿ ದಪ್ಪ ಮಣ್ಣು ಇದ್ದರೆ ಒಂದು ಚದರ ಮೀಟರ್ ಮಾಳಿಗೆಯ ತೂಕ ಹೆಚ್ಚುಕಡಿಮೆ ಐದು ಕ್ವಿಂಟಲ್. ಐದು ಇಂಚಿನ ಕಾಂಕ್ರೀಟ್ ಸ್ಲ್ಯಾಬಾದರೆ ಸುಮಾರು ಮೂರು ಕ್ವಿಂಟಲ್. ಭಾರ ಹೆಚ್ಚಾದಷ್ಟೂ ಅಲುಗಾಟ ಕಡಿಮೆ. ತೂಕ ಒಂದೇ ಅಲ್ಲ, ಗುಣವೂ ಬೇರೆ. ಕಾಂಕ್ರೀಟ್ ಒಂದೇ ಬಂಡೆ, ತಟ್ಟಿದರೆ ಮಿಡಿಯುತ್ತದೆ. ಮಣ್ಣಿನಲ್ಲಿ ಲಕ್ಷಾಂತರ ಕಣಗಳು ಒಂದನ್ನೊಂದು ಉಜ್ಜಿಕೊಂಡು ಗುದ್ದಿನ ಬಲವನ್ನು ಅಲ್ಲಲ್ಲೇ ಕರಗಿಸಿಬಿಡುತ್ತವೆ. ಮರಳು ತುಂಬಿದ ಚೀಲಕ್ಕೆ ಗುದ್ದಿದರೆ ಸದ್ದು ಬರುವುದಿಲ್ಲವಲ್ಲ, ಹಾಗೆ.

ಹಾಗೆಂದು ಮತ್ತೆ ಮಣ್ಣಿನ ಮಾಳಿಗೆ ಕಟ್ಟೋಣವೇ? ಬೇಡ. ಆ ಭಾರಕ್ಕೆ ತಕ್ಕ ಗೋಡೆ ಇಲ್ಲದಿದ್ದರೆ ಅಪಾಯ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಕಲ್ಲು-ಮಣ್ಣಿನ ಗೋಡೆ ಮತ್ತು ಭಾರದ ಮಣ್ಣಿನ ಮಾಳಿಗೆಗಳು ಕುಸಿದೇ ಸಾವಿರಾರು ಜನ ಸತ್ತರು. 2019ರ ಆಗಸ್ಟಿನ ಪ್ರವಾಹದಲ್ಲಿ ನಮ್ಮ ಕೃಷ್ಣಾ, ಘಟಪ್ರಭಾ ದಂಡೆಯ ಊರುಗಳಲ್ಲಿ ನೆನೆದು ಬಿದ್ದ ಮಣ್ಣಿನ ಮನೆಗಳನ್ನು ನೋಡಿದವರು ಅದನ್ನು ಬೇಗ ಮರೆಯಲಾರರು. ಈಗ ಹಳ್ಳಿಯಲ್ಲೂ ಸ್ಲ್ಯಾಬೇ. ಜಮಖಂಡಿ, ಬನಹಟ್ಟಿಯಲ್ಲಿ ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು ಇರುವುದೂ ಸಾಮಾನ್ಯವಾಗಿದೆ. ಆದ್ದರಿಂದ ಮೇಲಿನ ಮನೆಯ ಸಪ್ಪಳ ಬೆಂಗಳೂರಿನ ರೋಗ ಎಂದು ಸುಮ್ಮನಿರುವ ಹಾಗಿಲ್ಲ.

ಮಾಳಿಗೆ ಬೇಡ, ಅದರ ಉಪಾಯ ಮಾತ್ರ ಬೇಕು. ಅದನ್ನು ಅಜ್ಜಿಯ ರೊಟ್ಟಿಯಿಂದಲೇ ಶುರು ಮಾಡಬಹುದು.

ಹಲಗೆಯ ಕೆಳಗೆ ಗೋಣಿಚೀಲ

ರೊಟ್ಟಿ ಬಡಿಯುವ ಹಲಗೆಯನ್ನು ಬರಿ ಟೈಲ್ಸಿನ ಮೇಲೋ ಅಡುಗೆಕಟ್ಟೆಯ ಗ್ರಾನೈಟ್ ಮೇಲೋ ಇಟ್ಟರೆ ಪ್ರತಿ ತಟ್ಟೂ ಸ್ಲ್ಯಾಬಿಗೆ, ಗೋಡೆಗೆ ಇಳಿಯುತ್ತದೆ. ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ, ಅದರ ಮೇಲೆ ಸಾಧ್ಯವಾದಷ್ಟು ದಪ್ಪ, ಭಾರದ ಹಲಗೆ ಇಟ್ಟು ಬಡಿಯಲಿ. ಹಲಗೆ ಭಾರವಾದ್ದರಿಂದ ಗುದ್ದಿಗೆ ಬೇಗ ಅಲುಗುವುದಿಲ್ಲ, ಅಲುಗಿದಷ್ಟನ್ನು ಚೀಲ ನುಂಗುತ್ತದೆ. ರೊಟ್ಟಿ ಅಷ್ಟೇ ತೆಳುವಾಗಿ ಬರುತ್ತದೆ. ಚೀಲ ತೀರ ಮೆತ್ತಗಾಗಿ ಹಲಗೆ ಓಲಾಡಿದರೆ ಮಾತ್ರ ಅಜ್ಜಿಗೆ ಸಿಟ್ಟು ಬರುತ್ತದೆ, ಆಗ ಒಂದು ಮಡಿಕೆ ಕಡಿಮೆ ಮಾಡಿ. ಒರಳಿಗೂ ಇದೇ, ಮಿಕ್ಸಿಗೂ ಇದೇ. ವಾಷಿಂಗ್ ಮೆಶಿನ್ನಿನ ನಾಲ್ಕು ಕಾಲಿಗೆ ದಪ್ಪ ರಬ್ಬರ್ ಬಿಲ್ಲೆ ಸಿಗುತ್ತವೆ, ಜೊತೆಗೆ ನಾಲ್ಕು ಕಾಲೂ ಸಮನಾಗಿ ನೆಲ ಮುಟ್ಟಿವೆಯೇ ಎಂದು ನೋಡಬೇಕು.

ಮೇಲೆ ಭಾರ, ಕೆಳಗೆ ಮೆತ್ತಗೆ ಎಂಬ ಈ ಸೂತ್ರವೇ ದೊಡ್ಡ ದೊಡ್ಡ ಎಂಜಿನಿಯರುಗಳ ಸೂತ್ರ. ಸ್ಲ್ಯಾಬಿನ ಮೇಲೆ ಸ್ಪಂಜಿನಂಥ ಒಂದು ಪದರ ಹಾಸಿ, ಅದರ ಮೇಲೆ ಗೋಡೆಗೆ ತಾಗದಂತೆ ಇನ್ನೊಂದು ಗಟ್ಟಿ ನೆಲ ಹಾಕುತ್ತಾರೆ. ಅದಕ್ಕೆ ‘ತೇಲುವ ನೆಲ’ ಎನ್ನುತ್ತಾರೆ. ಮನೆ ಕಟ್ಟುವಾಗಲೇ ಹಾಕಿದರೆ ಒಳ್ಳೆಯದು, ಆಮೇಲೆ ಹಾಕುವುದು ದುಬಾರಿ. ನೆಲ ಎಷ್ಟು ಗುದ್ದನ್ನು ಕೆಳಗೆ ಬಿಡುತ್ತದೆ ಎಂದು ಅಳೆಯಲು ಒಂದು ಯಂತ್ರವೂ ಇದೆ. ಅದರಲ್ಲಿ ಅರ್ಧ ಕಿಲೋ ತೂಕದ ಐದು ಸುತ್ತಿಗೆ, 4 ಸೆಂಟಿಮೀಟರ್ ಎತ್ತರದಿಂದ ಒಂದಾದ ಮೇಲೊಂದು ಬೀಳುತ್ತವೆ, ಸೆಕೆಂಡಿಗೆ ಹತ್ತು ಪೆಟ್ಟು. ಅದನ್ನು ಮೇಲೆ ಓಡಿಸಿ ಕೆಳಗಿನ ಕೋಣೆಯಲ್ಲಿ ಸದ್ದು ಅಳೆಯುತ್ತಾರೆ. ಅಜ್ಜಿ ನೋಡಿದರೆ ‘ಇದೂ ರೊಟ್ಟಿ ಬಡೀತೈತೇನು?’ ಎಂದು ಕೇಳಿಯಾಳು.

ಈ ವಿಷಯವನ್ನು ತುಂಬ ಗಂಭೀರವಾಗಿ ತೆಗೆದುಕೊಂಡ ದೇಶ ದಕ್ಷಿಣ ಕೊರಿಯಾ. ಅಲ್ಲಿ ಬಹಳ ಜನ ಇರುವುದೇ ಅಪಾರ್ಟ್‌ಮೆಂಟುಗಳಲ್ಲಿ. ಅಂತಸ್ತುಗಳ ನಡುವಿನ ಸದ್ದಿಗೆ ಅವರ ಭಾಷೆಯಲ್ಲಿ ಪ್ರತ್ಯೇಕ ಶಬ್ದವೇ ಇದೆ. ಮೇಲಿನವರಿಗೂ ಕೆಳಗಿನವರಿಗೂ ರಾಜಿ ಮಾಡಿಸಲೆಂದು 2012ರಲ್ಲಿ ಸರಕಾರವೇ ಒಂದು ಕೇಂದ್ರ ತೆರೆಯಿತು. ಹೊಸ ಕಟ್ಟಡಗಳಲ್ಲಿ ಸ್ಲ್ಯಾಬ್ 210 ಮಿಲಿಮೀಟರ್ ದಪ್ಪ ಇರಬೇಕೆಂದು ನಿಯಮ ಮಾಡಿದರು. ನಮ್ಮಲ್ಲಿ ಸಾಮಾನ್ಯವಾಗಿ ಹಾಕುವುದು ಐದರಿಂದ ಆರು ಇಂಚು, ಅಂದರೆ 125ರಿಂದ 150 ಮಿಲಿಮೀಟರ್. ಅಷ್ಟೆಲ್ಲ ಮಾಡಿಯೂ ಅಲ್ಲಿ ಜಗಳ ನಿಂತಿಲ್ಲ ಎಂಬುದನ್ನೂ ಹೇಳಬೇಕು.

ಕೌದಿಯ ಕೆಲಸ, ಕೌದಿಯ ಮಿತಿ

ಇನ್ನು ಮಕ್ಕಳ ಪಾಲಿನ ಸದ್ದು. ಊರಿಂದ ಅಜ್ಜಿ ತಂದ ಕೌದಿ, ಅಟ್ಟದ ಮೇಲಿನ ಹಳೆಯ ಜಮಖಾನ, ಕಂಬಳಿ, ಇವೆಲ್ಲ ಒಳ್ಳೆಯ ಆಯುಧಗಳು. ಆಟದ ಸಾಮಾನು ಬೀಳುವ ಜಾಗದಲ್ಲಿ ಕೌದಿ ಹಾಸಿ. ಜಾರದಂತೆ ಅದರ ಕೆಳಗೆ ರಬ್ಬರ್ ಚಾಪೆ ಇರಲಿ, ಇಲ್ಲದಿದ್ದರೆ ಸದ್ದು ಉಳಿಸಲು ಹೋಗಿ ಅಜ್ಜನ ಸೊಂಟ ಮುರಿದೀತು. ಕುರ್ಚಿ, ಮೇಜಿನ ಕಾಲಿಗೆ ರಬ್ಬರ್ ಬುಷ್ ಹಾಕಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ. ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಕಾಲಿಗೆ ಕಟ್ಟಿದರೂ ನಡೆದೀತು, ಟೆನಿಸ್ ಚೆಂಡಿಗೆ ಸೀಳು ಹಾಕಿ ತೊಡಿಸಿದರಂತೂ ನೋಡಲಿಕ್ಕೂ ಚಂದ.

ಆದರೆ ಕೌದಿಗೆ ಒಂದು ಮಿತಿ ಇದೆ. ನಾಣ್ಯ, ಚಮಚ, ಆಟದ ಕಾರು ಬಿದ್ದ ಟಣ್ ಟಕ್ ಸದ್ದು, ಅಂದರೆ ತೀಕ್ಷ್ಣ ಸ್ವರದ ಸದ್ದು, ಕೌದಿಯಲ್ಲೇ ಸತ್ತುಹೋಗುತ್ತದೆ. ಸೋಫಾದಿಂದ ಜಿಗಿದಾಗಿನ ಧಡ್ ಬೇರೆ ಜಾತಿಯದು. ಅದು ತೀರ ತಗ್ಗಿನ ಸ್ವರ. ಇಪ್ಪತ್ತೈದು ಮೂವತ್ತು ಕಿಲೋದ ಹುಡುಗ ಎರಡು ಅಡಿ ಮೇಲಿನಿಂದ ಬಿದ್ದರೆ ನಾಲ್ಕು ಮಡಿಕೆ ಬಟ್ಟೆ ಏನು ಮಾಡೀತು? ಸ್ಲ್ಯಾಬ್ ಅಲುಗಿಯೇ ಅಲುಗುತ್ತದೆ. ಜಿಗಿತಕ್ಕೆ, ಹಗ್ಗದಾಟಕ್ಕೆ, ಕುಂಟಬಿಲ್ಲೆಗೆ ಮದ್ದು ಒಂದೇ, ಕೆಳಗೆ ಅಂಗಳಕ್ಕೆ ಹೋಗುವುದು. ಮನೆಯಲ್ಲಿ ಭರತನಾಟ್ಯದ ಅಭ್ಯಾಸ ಮಾಡುವವರು ಹೊತ್ತು ನೋಡಿ, ಕೆಳಗಿನವರಿಗೆ ತಿಳಿಸಿ ಮಾಡಬೇಕು. ಒಳಗೆ ಆಡಲು ಚೌಕಾಬಾರ ಇದೆ, ಅಳಗುಳಿಮಣೆ ಇದೆ. (ಕವಡೆಯನ್ನು ಟೈಲ್ಸಿನ ಮೇಲೆ ಎಸೆಯಬೇಡಿ, ಅದೂ ಕೆಳಗೆ ಕೇಳುತ್ತದೆ!)

ಇನ್ನೊಂದು ಸಂಗತಿ ದೊಡ್ಡವರಿಗೂ ಹೊಳೆದಿರುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಸಾಮಾನ್ಯವಾಗಿ ಮಲಗುವ ಕೋಣೆಯ ಮೇಲೆ ಮಲಗುವ ಕೋಣೆ, ಹಾಲಿನ ಮೇಲೆ ಹಾಲು ಬರುತ್ತದೆ. ರಾತ್ರಿ ಎಂಟರ ಮೇಲೆ ನಿಮ್ಮ ಓಡಾಟ, ಆಟ ಎಲ್ಲ ಹಾಲಿಗೆ ಬಂದರೆ ಸಾಕು, ಕೆಳಗೆ ಮಲಗಿದವರ ನೆತ್ತಿಯಿಂದ ಅದು ದೂರ ಸರಿದ ಹಾಗೆ. ಆಟ ನಿಲ್ಲಿಸುವುದಕ್ಕಿಂತ ಆಟದ ಜಾಗ ಬದಲಿಸುವುದು ಸುಲಭ. ಮಕ್ಕಳಿಗೆ ‘ಓಡಬೇಡ, ಓಡಬೇಡ’ ಎಂದು ದಿನವಿಡೀ ಗದರುವ ಮನೆಗಿಂತ ಸ್ವಲ್ಪ ಸದ್ದಿನ ಮನೆಯೇ ಮೇಲು ಎಂದು ನನಗನಿಸುತ್ತದೆ.

ಅಜ್ಜನ ಕಿವಿಯ ಗುಟ್ಟು

ಈಗ ಮೊಮ್ಮಗನ ಪ್ರಶ್ನೆಗೆ ಬರೋಣ. ವಯಸ್ಸಾದಂತೆ ಕಿವಿ ಎಲ್ಲ ಸ್ವರಗಳನ್ನೂ ಒಂದೇ ಸಮನೆ ಕಳೆದುಕೊಳ್ಳುವುದಿಲ್ಲ. ಮೊದಲು ಹೋಗುವುದು ತೀಕ್ಷ್ಣ ಸ್ವರಗಳು. ಮಕ್ಕಳ ದನಿ, ಸ, ಶ, ತ ಮುಂತಾದ ಅಕ್ಷರಗಳು ಆ ಗುಂಪಿನವು. ಅದಕ್ಕೇ ಮೊಮ್ಮಗ ಕರೆದದ್ದು ಅಜ್ಜನಿಗೆ ಅರ್ಧ ಕೇಳುತ್ತದೆ, ಅರ್ಧ ಕೇಳುವುದಿಲ್ಲ. ತಗ್ಗಿನ ಧಡ್ ಧಡ್ ಸದ್ದನ್ನು ಹಿಡಿಯುವ ಶಕ್ತಿ ಮಾತ್ರ ಬಹಳ ವರ್ಷ ಉಳಿಯುತ್ತದೆ. ಸ್ಲ್ಯಾಬ್ ದಾಟಿ ಬರುವುದೂ ಅದೇ ತಗ್ಗಿನ ಸದ್ದು. ಇದರ ಜೊತೆಗೆ ವಯಸ್ಸಾದವರ ನಿದ್ದೆಯಲ್ಲಿ ಗಾಢ ನಿದ್ದೆಯ ಪಾಲು ಕಡಿಮೆ, ಚಿಕ್ಕ ಸದ್ದಿಗೂ ಎಚ್ಚರವಾಗುತ್ತದೆ. ಅಜ್ಜ ನಾಟಕ ಮಾಡುತ್ತಿಲ್ಲ.

ಎಂಥ ಸದ್ದು ಎಬ್ಬಿಸುತ್ತದೆ ಎಂಬುದನ್ನು ರಬಕವಿ–ಬನಹಟ್ಟಿಯ ನೇಕಾರರ ಮನೆಯವರನ್ನು ಕೇಳಬೇಕು. ಪಾವರ್‌ಲೂಮಿನ ಹತ್ತಿರ ಸದ್ದು 90 ಡೆಸಿಬೆಲ್ಲಿಗೂ ಮೇಲಿರುತ್ತದೆ. ಆದರೂ ಪಕ್ಕದ ಕೋಣೆಯ ತೊಟ್ಟಿಲಲ್ಲಿ ಕೂಸು ನಿಶ್ಚಿಂತೆಯಿಂದ ಮಲಗಿರುತ್ತದೆ, ಕರೆಂಟು ಹೋಗಿ ಮಗ್ಗ ನಿಂತಾಗ ಎದ್ದು ಅಳುತ್ತದೆ! ಒಂದೇ ಲಯದ ಸದ್ದಿಗೆ ಮಿದುಳು ಒಗ್ಗಿಕೊಳ್ಳುತ್ತದೆ, ಬದಲಾವಣೆಗೆ ಬೆಚ್ಚುತ್ತದೆ. (ಒಗ್ಗಿದ ಮಾತ್ರಕ್ಕೆ ಕಿವಿಗೆ ಹಾನಿ ತಪ್ಪುವುದಿಲ್ಲ. ವರ್ಷಗಟ್ಟಲೆ ಮಗ್ಗದ ಬಳಿ ದುಡಿಯುವವರು ಕಿವಿಗೆ ರಕ್ಷಣೆ ಹಾಕಿಕೊಳ್ಳಲೇಬೇಕು.) ಮೇಲಿನ ಮನೆಯ ಸದ್ದು ಹಿಂಸೆಯಾಗುವುದು ಅದು ಯಾವಾಗ ಬರುತ್ತದೆ ಎಂದು ಗೊತ್ತಿಲ್ಲದ್ದರಿಂದ. ಒಂದು ಧಡ್ ಕೇಳಿದ ಮೇಲೆ ಮುಂದಿನ ಧಡ್‌ಗಾಗಿ ಕಿವಿ ಕಾಯುತ್ತದೆ. ರಾತ್ರಿ ಫ್ಯಾನನ್ನು ಒಂದು ನಂಬರ್ ಹೆಚ್ಚಿಗೆ ಇಟ್ಟರೆ ಅದರ ಸಮನಾದ ಗಾಳಿಯ ಸದ್ದಿನಲ್ಲಿ ಚಿಕ್ಕಪುಟ್ಟ ಟಕ್ ಟಕ್ ಮುಳುಗಿಹೋಗುತ್ತದೆ. ಕೆಳಗಿನ ಮನೆಯವರು ತಾವೊಬ್ಬರೇ ಮಾಡಿಕೊಳ್ಳಬಹುದಾದ ಕೆಲವೇ ಉಪಾಯಗಳಲ್ಲಿ ಇದೊಂದು. ಮಂಚದ ತಲೆದೆಸೆಯನ್ನು ಗೋಡೆಯಿಂದ ಒಂದು ಗೇಣು ಸರಿಸುವುದು ಇನ್ನೊಂದು.

ಕಳ್ಳ ಯಾರು?

ಮೇಲೆ ಹೋಗಿ ಬಾಗಿಲು ತಟ್ಟುವ ಮೊದಲು ಒಂದು ಎಚ್ಚರಿಕೆ. ಸದ್ದು ನೆತ್ತಿಯ ಮೇಲೆ ಕೇಳಿದರೆ ನೆತ್ತಿಯ ಮೇಲಿನವರೇ ಮಾಡಿದ್ದು ಎಂದು ಹೇಳಲು ಬಾರದು. ಕಂಬ, ತೊಲೆಗಳ ದಾರಿಯಲ್ಲಿ ಗುದ್ದು ಅಡ್ಡಡ್ಡವೂ ಹೋಗುತ್ತದೆ, ಕೆಳಗಿನಿಂದ ಮೇಲಕ್ಕೂ ಬರುತ್ತದೆ. ಎದುರು ಮನೆಯವರು ಗೋಡೆಗೆ ಮೊಳೆ ಹೊಡೆದದ್ದು ಮೇಲಿನವರು ಹೊಡೆದ ಹಾಗೆ ಕೇಳಬಹುದು. ‘ನಡುರಾತ್ರಿ ಮೇಲೆ ಯಾರೋ ಗೋಲಿ ಆಡುತ್ತಾರೆ’ ಎಂಬ ದೂರು ಫ್ಲ್ಯಾಟುಗಳಲ್ಲಿ ಬಹಳ ಸಾಮಾನ್ಯ. ಹೋಗಿ ನೋಡಿದರೆ ಮೇಲಿನ ಮನೆಗೆ ಬೀಗ! ನಲ್ಲಿಯನ್ನು ಒಮ್ಮೆಗೇ ತಿರುಗಿಸಿ ಮುಚ್ಚಿದಾಗ ಪೈಪಿನೊಳಗೆ ಓಡುತ್ತಿದ್ದ ನೀರು ತಡೆದು ಗುದ್ದುತ್ತದೆ, ಪೈಪು ಗೋಡೆಗೆ ತಾಗಿ ಟಕ್ ಟಕ್ ಎನ್ನುತ್ತದೆ. ಅದು ಪ್ಲಂಬರ್ ಸರಿಪಡಿಸಬೇಕಾದ ಸದ್ದು.

ಅಜ್ಜ ಮತ್ತು ಮೊಮ್ಮಗಳು ಸೇರಿ ಪತ್ತೇದಾರಿ ಕೆಲಸ ಮಾಡಬಹುದು. ಒಂದು ವಾರ, ಒಂದು ನೋಟ್‌ಬುಕ್ಕು. ದಿನ, ಗಂಟೆ, ಯಾವ ಕೋಣೆ, ಎಂಥ ಸದ್ದು (ಎಳೆದದ್ದೋ, ಬಿದ್ದದ್ದೋ, ಓಡಿದ್ದೋ) ಎಂದು ನಾಲ್ಕು ಕಾಲಂ. ವಾರದ ಕೊನೆಗೆ ಓದಿದರೆ ಎಷ್ಟೋ ಸಲ ದೂರೇ ಸಣ್ಣದಾಗುತ್ತದೆ. ‘ದಿನಾ ರಾತ್ರಿಯೆಲ್ಲ ಗದ್ದಲ’ ಎಂದುಕೊಂಡದ್ದು ‘ಮಂಗಳವಾರ ಮತ್ತು ಶುಕ್ರವಾರ ಹತ್ತೂವರೆಗೆ ಏನೋ ಎಳೆಯುತ್ತಾರೆ’ ಎಂದಾಗುತ್ತದೆ. ಹಾಗೆ ಹೇಳಿದರೆ ಮೇಲಿನವರಿಗೂ ಅರ್ಥವಾಗುತ್ತದೆ. ಬಟ್ಟೆ ಇಸ್ತ್ರಿ ಮಾಡುವ ಮೇಜು ಎಂದು ಅವರಿಗೆ ತಟ್ಟನೆ ಹೊಳೆಯುತ್ತದೆ.

ಬಾಗಿಲು ತಟ್ಟುವುದು ಹೇಗೆ?

ಪೊರಕೆಯ ಕೋಲಿನಿಂದ ಚಾವಣಿಗೆ ಕುಟ್ಟುವವರಿದ್ದಾರೆ. ಆ ಗುದ್ದು ಮೇಲಿನವರಿಗಷ್ಟೇ ಅಲ್ಲ, ಅಕ್ಕಪಕ್ಕದ ನಾಲ್ಕು ಮನೆಗೂ ಹೋಗುತ್ತದೆ ಎಂದು ಈಗಾಗಲೇ ನೋಡಿದೆವು. ನಿದ್ದೆಗೆಟ್ಟ ಸಿಟ್ಟಿನಲ್ಲಿ ರಾತ್ರಿ ಹನ್ನೊಂದಕ್ಕೆ ಹೋಗುವುದೂ ಬೇಡ. ಮಾರನೆಯ ದಿನ ಸಂಜೆ ಹೋಗಿ. ಮೊದಲ ಭೇಟಿಯೇ ದೂರಿನ ಭೇಟಿ ಆಗದಿದ್ದರೆ ಇನ್ನೂ ಒಳ್ಳೆಯದು. ನಮ್ಮ ಕಡೆ ದಸರೆಯಲ್ಲಿ ಬನ್ನಿ ಕೊಟ್ಟು ‘ಬಂಗಾರದಂಗ ಇರೋಣು’ ಎನ್ನುವ ಪದ್ಧತಿ ಇದೆಯಲ್ಲ, ಅದು ಫ್ಲ್ಯಾಟಿನ ಮೆಟ್ಟಿಲಿಗೂ ಒಪ್ಪುತ್ತದೆ. ಬನ್ನಿ ಸಿಗದಿದ್ದರೆ ನಾಲ್ಕು ಶೇಂಗಾ ಉಂಡಿ ನಡೆಯುತ್ತವೆ. ಒಮ್ಮೆ ಮುಖ ನೋಡಿದ ಮೇಲೆ ಮೇಲಿನ ಸದ್ದು ಮೊದಲಿನಷ್ಟು ಕಾಡುವುದಿಲ್ಲ. ಮೇಲೆ ಹೆಜ್ಜೆ ಹಾಕುತ್ತಿರುವುದು ಈಗಷ್ಟೇ ನಡಿಗೆ ಕಲಿಯುತ್ತಿರುವ ಕೂಸು ಎಂದು ಗೊತ್ತಾದರೆ ಅದೇ ಸದ್ದು ಬೇರೆಯಾಗಿ ಕೇಳುತ್ತದೆ.

ಮೇಲಿನವರಲ್ಲೂ ಒಂದು ಮಾತು. ಕೆಳಗಿನಿಂದ ಅಜ್ಜ ಬಂದು ಹೇಳಿದರೆ ‘ನಾವೇನೂ ಸದ್ದು ಮಾಡಿಲ್ಲ’ ಎಂದು ಬಾಗಿಲಲ್ಲೇ ಮುಗಿಸಬೇಡಿ. ನಿಮ್ಮ ಕಿವಿಗೆ ನಿಜಕ್ಕೂ ಕೇಳಿರುವುದಿಲ್ಲ. ಚಮಚ-ದಾರದ ಆಟದಲ್ಲಿ ಪಕ್ಕದಲ್ಲಿ ನಿಂತವರು ನೀವು, ದಾರ ಕಿವಿಗೆ ಸುತ್ತಿಕೊಂಡವರು ಅವರು. “ಬರ್ರಿ ಅಜ್ಜಾರ, ಕೂಡ್ರಿ, ಯಾವ ಹೊತ್ತಿಗೆ ಕೇಳಸ್ತೈತ್ರಿ?” ಎಂದು ಕೇಳುವುದಕ್ಕೆ ಖರ್ಚಿಲ್ಲ.

ಕಾನೂನು ಏನು ಹೇಳುತ್ತದೆ? ದೇಶದ ಶಬ್ದ ಮಾಲಿನ್ಯ ನಿಯಮಗಳು 2000ನೇ ಇಸವಿಯವು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ, ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರು. ಧ್ವನಿವರ್ಧಕ, ಜೋರು ಸಂಗೀತಕ್ಕೆ ಇದು ಅನ್ವಯಿಸುತ್ತದೆ, ಪೊಲೀಸರಿಗೆ ಹೇಳಬಹುದು. ಕೂಸಿನ ಹೆಜ್ಜೆಗೂ ರೊಟ್ಟಿಯ ಬಡಿತಕ್ಕೂ ಡೆಸಿಬೆಲ್ ಲೆಕ್ಕ ಹಿಡಿದು ಹೋಗುವುದು ವ್ಯರ್ಥ. ಅದಕ್ಕೆ ಕಟ್ಟಡದ ಸಂಘವೇ ಸರಿಯಾದ ಜಾಗ. ಮೊಳೆ ಹೊಡೆಯುವುದು, ಡ್ರಿಲ್ಲಿಂಗ್, ಸಾಮಾನು ಸಾಗಿಸುವುದು ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಮಾತ್ರ ಎಂದು ಸಭೆಯಲ್ಲಿ ಒಪ್ಪಿ ಲಿಫ್ಟಿನ ಬಾಗಿಲಿಗೆ ಚೀಟಿ ಹಚ್ಚಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕು ಅಜ್ಜ-ಅಜ್ಜಿಯರ ನಿದ್ದೆಯ ಹೊತ್ತು ಎಂದು ಅದರಲ್ಲಿ ಸೇರಿಸಲು ಯಾರೂ ಬೇಡ ಎನ್ನಲಾರರು.

ಮೇಲೆ ಕೆಳಗೆ ಒಂದು ಪರೀಕ್ಷೆ

ಕೌದಿ, ಬುಷ್, ಗೋಣಿಚೀಲ ಎಲ್ಲ ಹಾಕಿದ ಮೇಲೆ ಕೆಲಸ ಆಯಿತೇ ಎಂದು ನೋಡಬೇಕಲ್ಲ. ಭಾನುವಾರ ಬೆಳಿಗ್ಗೆ ಎರಡು ಮನೆಯವರು ಸೇರಿ ಮಾಡಿ. ಕೆಳಗಿನ ಮನೆಯ ಅಜ್ಜ ಮಲಗುವ ಕೋಣೆಯಲ್ಲಿ ಫ್ಯಾನ್ ಬಂದ್ ಮಾಡಿ, ಪೆನ್ಸಿಲ್ ಹಾಳೆ ಹಿಡಿದು ಕೂರಲಿ. ಮೇಲಿನ ಮನೆಯ ಹುಡುಗಿ ಹತ್ತು ಕೆಲಸಗಳ ಪಟ್ಟಿ ಮಾಡಿಕೊಳ್ಳಲಿ. ಒಂದು ರೂಪಾಯಿ ನಾಣ್ಯವನ್ನು ಬರಿ ಟೈಲ್ಸಿನ ಮೇಲೆ ಬೀಳಿಸುವುದು, ಅದನ್ನೇ ಕೌದಿಯ ಮೇಲೆ ಬೀಳಿಸುವುದು. ಬುಷ್ ಹಾಕಿದ ಕುರ್ಚಿ ಎಳೆಯುವುದು, ಹಾಕದ ಕುರ್ಚಿ ಎಳೆಯುವುದು. ಹಿಮ್ಮಡಿ ಊರಿ ಐದು ಹೆಜ್ಜೆ, ಮುಂಗಾಲಿನಲ್ಲಿ ಐದು ಹೆಜ್ಜೆ. ಚೀಲ ಇಟ್ಟು ಹಲಗೆಯ ಮೇಲೆ ಹತ್ತು ತಟ್ಟು, ಚೀಲ ತೆಗೆದು ಹತ್ತು ತಟ್ಟು. ಕೌದಿಯ ಮೇಲೆ ಒಂದು ಜಿಗಿತ, ಕೌದಿ ತೆಗೆದು ಒಂದು ಜಿಗಿತ. ಒಂದೊಂದರ ನಡುವೆ ಒಂದು ನಿಮಿಷ ಬಿಡಬೇಕು, ಯಾವುದು ಯಾವಾಗ ಎಂದು ಅಜ್ಜನಿಗೆ ಹೇಳಬಾರದು. ಸದ್ದು ಕೇಳಿದಾಗಲೆಲ್ಲ ಅಜ್ಜ ಗಡಿಯಾರ ನೋಡಿ ಗಂಟೆ-ನಿಮಿಷ ಬರೆದು, ಜೋರಾಗಿದ್ದರೆ ಎರಡು ಗೆರೆ, ಸಣ್ಣಗಿದ್ದರೆ ಒಂದು ಗೆರೆ ಹಾಕಲಿ. ಆಮೇಲೆ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಗೆರೆ ಬೀಳದ ಸಾಲುಗಳ ಚಿಂತೆ ಬಿಡಿ. ಎರಡು ಗೆರೆ ಬಿದ್ದ ಸಾಲುಗಳಿಗೆ ಇನ್ನೊಂದು ಮಡಿಕೆ ಬೇಕು, ಇಲ್ಲವೇ ಬೇರೆ ಜಾಗ ಬೇಕು. ಜಿಗಿತದ ಎರಡೂ ಸಾಲಿಗೆ ಎರಡು ಗೆರೆ ಬಿದ್ದೇ ಬಿದ್ದಿರುತ್ತವೆ. ಮುಂದಿನ ಭಾನುವಾರ ಅಜ್ಜ ಮೇಲೆ, ಹುಡುಗಿ ಕೆಳಗೆ.